ಕೇಪ್‌ಟೌನ್‌ನಿಂದ ಟೇಮಾಕ್ಕೆ ಏಳು ದಿನ

ಹಡಗಿನಲ್ಲಿ ಒಂದು ಸೆಮಿಸ್ಟರ್ ಓದಿ ಬಂದೆ ಅಂದರೆ ಸಾಕು, ಎಷ್ಟು ದೇಶ ನೋಡಿದೆ ಅಂತ ಕೇಳುತ್ತಾರೆ. ನನಗೆ ಮೊದಲು ನೆನಪಾಗುವುದು ಮಾತ್ರ ಕೇಪ್‌ಟೌನ್ ಬಿಟ್ಟು ಘಾನಾದ ಟೇಮಾ ಬಂದರು ಮುಟ್ಟುವ ತನಕ ಬರೀ ನೀರು ನೋಡಿದ ಏಳು ದಿನ. ಅದರ ಬಗ್ಗೆ ಯಾರೂ ಕೇಳುವುದಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ನಾನು ಹೋದದ್ದು ಸೆಮಿಸ್ಟರ್ ಅಟ್ ಸೀ ಅನ್ನುವ ಕಾರ್ಯಕ್ರಮದಲ್ಲಿ. 1963ರಿಂದ ನಡೆಯುತ್ತಿದೆ. ನಮ್ಮ ಹಡಗು ವರ್ಲ್ಡ್ ಒಡಿಸ್ಸಿ, 1998ರಲ್ಲಿ ಕಟ್ಟಿದ್ದು, ಉದ್ದ ಸುಮಾರು 175 ಮೀಟರ್. ಮೂರೂವರೆ ತಿಂಗಳು ಅದೇ ಮನೆ, ಅದೇ ಕಾಲೇಜು, ಅದೇ ಊರು. ನಿಯಮ ಸರಳ: ಹಡಗು ಕಡಲಲ್ಲಿದ್ದರೆ ಕ್ಲಾಸ್, ಬಂದರಿನಲ್ಲಿದ್ದರೆ ರಜೆ. ವಾರದ ಲೆಕ್ಕವೇ ಇಲ್ಲ. ಎ ದಿನ, ಬಿ ದಿನ ಅಂತ ಎರಡೇ ದಿನಗಳು, ಒಂದಾದ ಮೇಲೊಂದು. ಭಾನುವಾರ ಅನ್ನುವುದು ಮರೆತೇ ಹೋಗುತ್ತದೆ.

ಕೇಪ್‌ಟೌನ್‌ನಿಂದ ಹೊರಟದ್ದು ಸಂಜೆ. ಟೇಬಲ್ ಮೌಂಟನ್ ಹಿಂದೆ ಸರಿಯುವುದನ್ನು ನೋಡುತ್ತಾ ಡೆಕ್ ಮೇಲೆ ನಿಂತಿದ್ದೆವು. ರಾಬೆನ್ ದ್ವೀಪವೂ ಕಂಡಿತು. ಮಂಡೇಲಾ 27 ವರ್ಷದ ಜೈಲುವಾಸದಲ್ಲಿ 18 ವರ್ಷ ಕಳೆದದ್ದು ಅಲ್ಲೇ. ಅಲ್ಲಿಂದ ಆ ಬೆಟ್ಟ ಎಷ್ಟು ಚೆನ್ನಾಗಿ ಕಾಣುತ್ತದೆ ಅಂದರೆ, ಇಷ್ಟು ಹತ್ತಿರ ಇಟ್ಟು ಇಷ್ಟು ದೂರ ಮಾಡಿದ್ದರಲ್ಲ ಅಂತ ಸಂಕಟವಾಯಿತು. ಒಂದು ಗಂಟೆ ಕಳೆಯುವಷ್ಟರಲ್ಲಿ ದೊಡ್ಡ ಅಲೆಗಳು ಶುರುವಾದವು.

ಮೊದಲ ಎರಡು ದಿನ ಕಷ್ಟದವು. ಚಳಿ ಇತ್ತು, ಯಾಕಂದರೆ ಆ ಕರಾವಳಿ ಉದ್ದಕ್ಕೂ ಬೆಂಗ್ವೆಲಾ ಅನ್ನುವ ತಣ್ಣನೆಯ ಪ್ರವಾಹ ಉತ್ತರಕ್ಕೆ ಹರಿಯುತ್ತದೆ. ಕ್ಲಾಸಿನಲ್ಲಿ ಮೇಷ್ಟ್ರು ಒಂದು ಕೈಯಲ್ಲಿ ಮೇಜು ಹಿಡಿದುಕೊಂಡೇ ಪಾಠ ಮಾಡುತ್ತಿದ್ದರು. ನನ್ನ ಮುಂದಿದ್ದ ಲೋಟದ ನೀರು ಎಡಕ್ಕೆ ವಾಲಿ, ಒಂದು ಕ್ಷಣ ಹಾಗೇ ನಿಂತು, ನಿಧಾನವಾಗಿ ಬಲಕ್ಕೆ ವಾಲುತ್ತಿತ್ತು. ಕಿಟಕಿಯಲ್ಲಿ ಒಮ್ಮೆ ಪೂರ್ತಿ ಆಕಾಶ, ಇನ್ನೊಮ್ಮೆ ಪೂರ್ತಿ ನೀರು. ಒಳಕಿವಿ ಅಲುಗಾಡುತ್ತಿದ್ದೀಯ ಅನ್ನುತ್ತದೆ, ಪುಸ್ತಕ ನೋಡುವ ಕಣ್ಣು ಇಲ್ಲ ಅನ್ನುತ್ತದೆ, ಆ ಜಗಳದಲ್ಲಿ ಹೊಟ್ಟೆ ತೊಳಸುತ್ತದೆ. ಹಡಗಿನವರು ಹಸಿರು ಸೇಬು ತಿನ್ನು, ದೂರದ ದಿಗಂತ ನೋಡು ಅಂದರು. ದಿಗಂತ ನೋಡಿದ್ದೇ ಜಾಸ್ತಿ ಕೆಲಸ ಮಾಡಿತು.

ಮೂರನೇ ದಿನದಿಂದ ಮೈ ಹೊಂದಿಕೊಂಡಿತು. ಗಾಳಿ ಬೆಚ್ಚಗಾಯಿತು, ಸ್ವೆಟರ್ ಪೆಟ್ಟಿಗೆ ಸೇರಿತು. ಆ ವಾರ ಎರಡು ರಾತ್ರಿ ಗಡಿಯಾರವನ್ನು ಒಂದೊಂದು ಗಂಟೆ ಹಿಂದಕ್ಕೆ ತಿರುಗಿಸಿಕೊಂಡೆವು, ದಕ್ಷಿಣ ಆಫ್ರಿಕಾಕ್ಕಿಂತ ಘಾನಾ ಎರಡು ಗಂಟೆ ಹಿಂದೆ ಇದೆ ಅಲ್ವಾ, ಅದಕ್ಕೆ. ವಿಮಾನದಲ್ಲಾದರೆ ಇಳಿದ ಮೇಲೆ ಒಂದೇ ಸಲ ಮುಳ್ಳು ತಿರುಗಿಸಿ ಮುಗಿಸುತ್ತೇವೆ. ಇಲ್ಲಿ ಭೂಮಿಯ ಅಗಲ ಒಂದೊಂದು ಗಂಟೆಯ ನಿದ್ದೆಯಾಗಿ ಕೈಗೆ ಸಿಗುತ್ತದೆ. ನನಗೆ ಇದು ತುಂಬಾ ಇಷ್ಟವಾಯಿತು.

ಸಮಭಾಜಕ ವೃತ್ತ ದಾಟಿದ ದಿನ ಕ್ಲಾಸ್ ಇರಲಿಲ್ಲ. ಬೆಳಿಗ್ಗೆಯೇ ಕಾರಿಡಾರ್‌ಗಳಲ್ಲಿ ಡೋಲು ಬಡಿದು ಎಬ್ಬಿಸಿದರು. ಅದು ನಾವಿಕರ ಹಳೆಯ ಪದ್ಧತಿ, ರೋಮನ್ನರ ಕಡಲ ದೇವರು ನೆಪ್ಚೂನ್ ಹೆಸರಿನ ನೆಪ್ಚೂನ್ ದಿನ. ಮೀನಿಗೆ ಮುತ್ತು ಕೊಡಬೇಕು, ಬೇಕಾದವರು ತಲೆ ಬೋಳಿಸಿಕೊಳ್ಳಬಹುದು. ಹುಡುಗಿಯರೂ ಬೋಳಿಸಿಕೊಂಡರು. ನಾನು ಬೋಳಿಸಿಕೊಳ್ಳಲಿಲ್ಲ, ಗೆಳತಿಯ ಕೈ ಹಿಡಿದುಕೊಂಡು ಕೂತಿದ್ದೆ.

ಆದರೆ ಆ ವಾರ ಪೂರ್ತಿ ನನ್ನ ತಲೆಯಲ್ಲಿ ಕೊರೆಯುತ್ತಿದ್ದದ್ದು ಇತಿಹಾಸದ ಕ್ಲಾಸ್. ಅಟ್ಲಾಂಟಿಕ್ ಗುಲಾಮ ವ್ಯಾಪಾರದ ಪಾಠ ಅದೇ ಅಟ್ಲಾಂಟಿಕ್ ಮೇಲೆ ನಡೆಯುತ್ತಿತ್ತು. ಆಫ್ರಿಕಾದಿಂದ ಹಡಗು ಹತ್ತಿಸಿದ್ದು ಸುಮಾರು 1 ಕೋಟಿ 25 ಲಕ್ಷ ಜನರನ್ನು, ದಾರಿಯಲ್ಲೇ ಸತ್ತವರು ಸುಮಾರು 18 ಲಕ್ಷ. ಈ ಅಂಕಿಗಳನ್ನು ಮೊದಲೂ ಓದಿದ್ದೆ, ಪರೀಕ್ಷೆಗೆ ಬರೆದೂ ಇದ್ದೆ. ಅಮೆರಿಕಕ್ಕೆ ಹೋಗಲು ಎರಡು ತಿಂಗಳು ಹಿಡಿಯುತ್ತಿತ್ತು ಅಂದಾಗ ಮಾತ್ರ ಇಡೀ ಕ್ಲಾಸ್ ಸುಮ್ಮನಾಯಿತು. ನಾವು ಹಾಸಿಗೆ, ಔಷಧಿ, ಕಿಟಕಿ ಎಲ್ಲ ಇಟ್ಟುಕೊಂಡು ಎರಡು ದಿನಕ್ಕೇ ಸೋತು ಹೋಗಿದ್ದವರು.

ಏಳನೇ ದಿನ ಟೇಮಾ ಬಂತು. ಗ್ರೀನ್‌ವಿಚ್ ರೇಖೆ ಹಾದುಹೋಗುವ ಊರು, 1962ರಲ್ಲಿ ಶುರುವಾದ ಬಂದರು. ಎರಡನೇ ದಿನ ಬಸ್ಸಿನಲ್ಲಿ ಕೇಪ್ ಕೋಸ್ಟ್ ಕೋಟೆಗೆ ಹೋದೆವು, ಗುಲಾಮರನ್ನು ಹಡಗು ಹತ್ತಿಸುವ ಮೊದಲು ಕೂಡಿಹಾಕುತ್ತಿದ್ದ ಜಾಗ ಅದು. ಸುಣ್ಣ ಬಳಿದ ಬಿಳೀ ಗೋಡೆ, ಕಡಲ ಕಡೆ ಮುಖ ಮಾಡಿದ ಫಿರಂಗಿಗಳು, ದೂರದಿಂದ ಸುಂದರವಾಗೇ ಕಾಣುತ್ತದೆ. ಗಂಡಸರನ್ನು ಕೂಡಿಹಾಕುತ್ತಿದ್ದ ನೆಲಮಾಳಿಗೆಗೆ ಇಳಿಜಾರಿನಲ್ಲಿ ಇಳಿಯಬೇಕು. ನೆಲದಲ್ಲಿ ಒಂದು ಕಾಲುವೆ, ಕೈಗೆಟುಕದಷ್ಟು ಮೇಲೆ ಸಣ್ಣ ಬೆಳಕಿಂಡಿ. ಗೈಡ್ ದೀಪ ಆರಿಸಿದರು. ನನ್ನ ಕೈ ನನಗೇ ಕಾಣಲಿಲ್ಲ. ಆ ಕತ್ತಲಲ್ಲೇ ಅವರು ಹೇಳಿದರು, ನಿಮ್ಮ ತಲೆಯ ಮೇಲೆ ಇದ್ದದ್ದು ಪ್ರಾರ್ಥನಾ ಮಂದಿರ ಅಂತ. ಯಾರೋ ಹಿಂದೆ ಬಿಕ್ಕಿದರು.

ಕೊನೆಗೆ ಕಡಲಿಗೆ ತೆರೆಯುವ ಬಾಗಿಲು. ಅದರ ಹೆಸರು 'ಮರಳಿ ಬಾರದ ಬಾಗಿಲು'. ಹೊರಗೆ ಕಾಲಿಟ್ಟರೆ ಒಮ್ಮೆಲೇ ಬಿಸಿಲು, ಬಣ್ಣಬಣ್ಣದ ದೋಣಿಗಳು, ಬಲೆ ಸರಿಮಾಡುತ್ತಾ ಕೂತ ಮೀನುಗಾರರು, ಮಕ್ಕಳ ಗಲಾಟೆ. ತಿರುಗಿ ನೋಡಿದರೆ ಅದೇ ಬಾಗಿಲಿನ ಹೊರಬದಿಯಲ್ಲಿ 'ಮರಳಿ ಬರುವ ಬಾಗಿಲು' ಅಂತ ಬರೆದಿದ್ದರು. ನಮ್ಮ ಜೊತೆಗಿದ್ದ ಒಬ್ಬ ಕಪ್ಪು ಅಮೆರಿಕನ್ ಹುಡುಗ ಅದನ್ನು ಓದಿ, ಒಬ್ಬನೇ ಮತ್ತೆ ಒಳಗೆ ನಡೆದು ಹೋದ. ನಾವು ಹೊರಗೆ ಕಾದೆವು.

ಟೇಮಾದಲ್ಲಿ ಇನ್ನೆರಡು ದಿನ ಏನು ಮಾಡಿದೆ ಅಂತ ಅಷ್ಟಾಗಿ ನೆನಪಿಲ್ಲ. ಆಮೇಲೆ ಹಡಗು ಪಶ್ಚಿಮಕ್ಕೆ ತಿರುಗಿತು, ಮುಂದಿನದು ಕಾಸಾಬ್ಲಾಂಕಾ. ನಮ್ಮ ಕ್ಯಾಬಿನ್ ಕೆಳಗಿನ ಡೆಕ್‌ನಲ್ಲಿತ್ತು, ಮಲಗಿದರೆ ಗೋಡೆಯ ಆ ಬದಿಗೆ ನೀರು ಸರಿಯುವ ಸದ್ದು ಸಣ್ಣಗೆ ಕೇಳುತ್ತದೆ. ಅಷ್ಟು ದಿನ ಆ ಸದ್ದಿಗೇ ನಿದ್ದೆ ಬರುತ್ತಿತ್ತು. ಆ ರಾತ್ರಿ ನಾನು ದೀಪ ಆರಿಸಲು ಕೈ ಚಾಚಿದಾಗ, ರೂಮ್‌ಮೇಟ್ ಎದುರಿನ ಹಾಸಿಗೆಯಿಂದ, ಇವತ್ತು ಹಾಗೇ ಇರಲಿ ಬಿಡು ಅಂದಳು.