ಒಳಗೆ ಯಾರೂ ಇಲ್ಲವಲ್ಲ, ಮತ್ಯಾಕೆ ಇಷ್ಟು ಲೆಕ್ಕ?

ಡ್ರೋನ್ ವಿನ್ಯಾಸದಲ್ಲಿ ಸುರಕ್ಷತೆಯ ಲೆಕ್ಕ ಹಾಕುವ ಕೆಲಸ ಅಂದರೆ ಸಾಕು, ಎಲ್ಲರದ್ದೂ ಒಂದೇ ಮಾತು: "ಒಳಗೆ ಯಾರೂ ಇಲ್ಲವಲ್ಲ, ಬಿದ್ರೆ ಬಿತ್ತು."

ಒಳಗೆ ಇಲ್ಲ, ಸರಿ. ಕೆಳಗೆ? ಔಷಧಿ ತುಂಬಿದ 25 ಕೆಜಿಯ ಕೃಷಿ ಡ್ರೋನ್ (2021ರ ಡ್ರೋನ್ ನಿಯಮಗಳಲ್ಲಿ ಇದರ ಹೆಸರು 'ಸಣ್ಣ' ಡ್ರೋನ್!) 30 ಮೀಟರ್ ಮೇಲಿಂದ ಬಿದ್ದರೆ, ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದಾಗ, ನೆಲಕ್ಕೆ ಬಡಿಯುವ ವೇಗ ಗಂಟೆಗೆ ಸುಮಾರು 87 ಕಿ.ಮೀ. 2023ರ ಆಗಸ್ಟ್‌ನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ತಪಸ್ ಡ್ರೋನ್ ಹಿರಿಯೂರು ತಾಲ್ಲೂಕಿನ ಹೊಲದಲ್ಲಿ ಬಿತ್ತು, ಯಾರಿಗೂ ಏನೂ ಆಗಲಿಲ್ಲ. ಬಿದ್ದ ಜಾಗದಲ್ಲಿ ಜನ ಇಲ್ಲದ್ದನ್ನು ವಿನ್ಯಾಸದ ಲೆಕ್ಕಕ್ಕೆ ಸೇರಿಸಿಕೊಳ್ಳಲು ಬರುವುದಿಲ್ಲ.

ಪೈಲಟ್ ಇಲ್ಲದಿರುವುದೇ ಇನ್ನೊಂದು ಕಷ್ಟ. ವೈರು ಸುಟ್ಟ ವಾಸನೆ ಹಿಡಿಯಲು ಮೂಗಿಲ್ಲ, ಮೋಟಾರಿನ ಸದ್ದು ಬದಲಾದರೆ ಕೇಳಲು ಕಿವಿಯಿಲ್ಲ. ಅದಕ್ಕೇ ನಾವು ಶುರು ಮಾಡುವುದು ಬಿಡಿಭಾಗಗಳಿಂದಲ್ಲ, ಡ್ರೋನ್ ಮಾಡಬೇಕಾದ ಕೆಲಸಗಳಿಂದ. ಎತ್ತರ ಹೇಳುವ ಕೆಲಸ ನಿಂತೇ ಹೋದರೆ? ತಪ್ಪು ಎತ್ತರ ಹೇಳುತ್ತಲೇ ಇದ್ದರೆ? ಎರಡನೆಯದೇ ಕೆಟ್ಟದ್ದು. ಕೈಕೊಟ್ಟದ್ದು ಗೊತ್ತಾದರೆ ಇಳಿಸಬಹುದು, ಸುಳ್ಳು ಹೇಳುತ್ತಿರುವುದು ಗೊತ್ತೇ ಆಗುವುದಿಲ್ಲ.

"ಹಾಗಾದ್ರೆ ಎಲ್ಲಾ ಎರಡೆರಡು ಹಾಕಿಬಿಡಿ." ಇದು ಮುಂದಿನ ಸಲಹೆ, ಪುಕ್ಕಟೆ. ಒಂದು ಗಂಟೆಯ ಹಾರಾಟದಲ್ಲಿ ಬ್ಯಾಟರಿ ಕೈಕೊಡುವ ಸಂಭವ 1,000ಕ್ಕೆ 1 ಅಂತಿಟ್ಟುಕೊಳ್ಳಿ. ಎರಡಿದ್ದರೆ 10 ಲಕ್ಷಕ್ಕೆ 1, ಕಾಗದದ ಮೇಲೆ. ಎರಡೂ ಒಂದೇ ಕನೆಕ್ಟರ್ ಮೂಲಕ ಹೋಗಿ, 100 ವೈಫಲ್ಯದಲ್ಲಿ 5 ಅಲ್ಲೇ ಹುಟ್ಟಿದರೆ, ಎರಡೂ ಕೈಕೊಡುವ ಸಂಭವ 20,000ಕ್ಕೆ 1ಕ್ಕೆ ಏರುತ್ತದೆ.

ಕೇಳುವುದಾದರೆ ಇದನ್ನು ಕೇಳಿ: ಎರಡೂ ಒಟ್ಟಿಗೆ ಯಾವುದರಿಂದ ಸಾಯುತ್ತವೆ? ಎರಡು ದಿಕ್ಸೂಚಿ ಒಂದೇ ದಪ್ಪ ಕೇಬಲ್ ಪಕ್ಕ ಕೂತಿದ್ದರೆ, ಕರೆಂಟ್ ಏರಿದಾಗ ಅದರ ಕಾಂತಕ್ಷೇತ್ರಕ್ಕೆ ಎರಡೂ ಸೇರಿಯೇ ದಾರಿ ತಪ್ಪುತ್ತವೆ. ರಿಮೋಟ್ ಸಂಪರ್ಕ ಕಡಿದರೆ ತಾನೇ ಹೊರಟ ಜಾಗಕ್ಕೆ ಬರುತ್ತದೆ ಅನ್ನುತ್ತೀರಿ, ಬರಲು ಜಿಪಿಎಸ್ ಬೇಕು. ಒಂದೇ ಜಾಮರ್ (ರೇಡಿಯೊ ಸಿಗ್ನಲ್ ಅಡಗಿಸುವ ಯಂತ್ರ) ಸಂಪರ್ಕ, ಜಿಪಿಎಸ್ ಎರಡನ್ನೂ ಮುಚ್ಚಿದರೆ?

ಪ್ಯಾರಾಚೂಟ್ ಇದೆಯಲ್ಲ ಅನ್ನುವವರಿಗೆ: ಮೊದಲು ಮೋಟಾರು ನಿಲ್ಲಬೇಕು, ಇಲ್ಲದಿದ್ದರೆ ಹಗ್ಗ ತಿರುಗುವ ರೆಕ್ಕೆಗೆ ಸುತ್ತಿಕೊಳ್ಳುತ್ತದೆ. ಪ್ಯಾರಾಚೂಟ್‌ಗೆ ಸ್ವಂತ ಬ್ಯಾಟರಿ, ಸ್ವಂತ ಸೆನ್ಸರ್ ಬೇಕು. ಹಾರಾಟದ ಕಂಪ್ಯೂಟರನ್ನೇ ನಂಬಿದ್ದರೆ, ಅದು ಹ್ಯಾಂಗ್ ಆದ ದಿನ ಪ್ಯಾರಾಚೂಟ್ ಚೀಲದೊಳಗೇ ನೆಲಕ್ಕೆ ಬರುತ್ತದೆ. ಔಷಧಿ ಹೊಡೆಯುವ 3 ಮೀಟರ್ ಎತ್ತರದಲ್ಲಂತೂ ಅದು ಬಿಚ್ಚಿಕೊಳ್ಳುವಷ್ಟರಲ್ಲಿ ಡ್ರೋನ್ ಬೆಳೆಯ ಮೇಲೆ ಮಲಗಿರುತ್ತದೆ.