ಹವಾಯಿಯ ತಣ್ಣೀರು, ಕಲಬುರಗಿಯ ಬಿಸಿಲು

ಏಪ್ರಿಲ್, ಮೇ ಬಂತೆಂದರೆ ಊರಿಂದ ಬರುವ ಫೋನಿನಲ್ಲೆಲ್ಲ ಒಂದೇ ಮಾತು: ಬಿಸಿಲು 43 ಡಿಗ್ರಿ, ಸಾಲದ್ದಕ್ಕೆ ಕರೆಂಟೂ ಇಲ್ಲ. ಅದರ ಹಿಂದೆಯೇ ಒಂದು ಪ್ರಶ್ನೆ. "ನೀ ಇರೋ ಕಡೆ ನೆಲದ ಬಿಸಿಯಿಂದ ಕರೆಂಟ್ ತೆಗೀತಾರಂತಲ್ಲ, ನಮ್ಮಲ್ಲಿ ಬಿಸಿಗೇನು ಕಡಿಮೆ?"

ತುಂಬ ಒಳ್ಳೆ ಪ್ರಶ್ನೆ. ಫೋನಿನಲ್ಲಿ ಅರ್ಧಂಬರ್ಧ ಹೇಳುವುದಕ್ಕಿಂತ ಕೂತು ಬರೆಯೋಣ ಅನ್ನಿಸಿತು.

ನಾನಿರುವುದು ಹವಾಯಿಯ ದೊಡ್ಡ ದ್ವೀಪದ ಪಶ್ಚಿಮ ದಂಡೆಯಲ್ಲಿ, ಕೋನಾ ಊರಲ್ಲಿ. ಪೂರ್ವ ದಂಡೆಯ ಪೂನಾದಲ್ಲಿ ಭೂಶಾಖದ ವಿದ್ಯುತ್ ಸ್ಥಾವರ ಇದೆ. ಅಲ್ಲಿ ನೆಲದೊಳಗೆ ಒಂದೂವರೆ, ಎರಡು ಕಿಲೋಮೀಟರ್ ಕೊರೆದು ಕುದಿವ ನೀರು, ಹಬೆ ತೆಗೆಯುತ್ತಾರೆ. 1993ರಿಂದ ನಡೆಯುತ್ತಿದೆ, 38 ಮೆಗಾವಾಟ್‌ನದು. ಒಂದು ಕಾಲಕ್ಕೆ ಈ ದ್ವೀಪದ ಕರೆಂಟಿನಲ್ಲಿ ಸುಮಾರು ಕಾಲುಭಾಗ ಅಲ್ಲಿಂದಲೇ ಬರುತ್ತಿತ್ತು. 2018ರ ಮೇ ತಿಂಗಳಲ್ಲಿ ಕಿಲಾವೆಯಾ ಜ್ವಾಲಾಮುಖಿ ಬಾಯಿ ಬಿಟ್ಟಾಗ ಲಾವಾ ಸ್ಥಾವರದ ಅಂಗಳಕ್ಕೇ ಬಂದು ಕೆಲವು ಕೊಳವೆ ಬಾವಿಗಳನ್ನು ಮುಚ್ಚಿಬಿಟ್ಟಿತು. ಸುತ್ತಲಿನ ಸುಮಾರು 700 ಮನೆಗಳು ಹೋದವು. ಸ್ಥಾವರ ಮತ್ತೆ ಶುರುವಾಗಿದ್ದು 2020ರ ನವೆಂಬರ್‌ನಲ್ಲಿ.

ಇಲ್ಲಿನ ಮೂಲ ಜನರಿಗೆ ಜ್ವಾಲಾಮುಖಿ ಎಂದರೆ ಪೆಲೆ ದೇವಿ. ಆಕೆಯ ಮೈ ಕೊರೆಯಬಾರದು ಎಂದು ಹಲವರು ಇವತ್ತಿಗೂ ವಿರೋಧಿಸುತ್ತಾರೆ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ಭೂತಾಯಿಗೆ ಚರಗ ಚೆಲ್ಲಿ ಬೆಳೆದವನು ನಾನು. ಅವರ ಮಾತನ್ನು ಸುಮ್ನೆ ತಳ್ಳಿಹಾಕಲು ನನ್ನಿಂದ ಆಗುವುದಿಲ್ಲ.

ಪಶ್ಚಿಮ ದಂಡೆಯ ಕತೆಯೇ ಬೇರೆ. ವಿಮಾನ ನಿಲ್ದಾಣದ ಪಕ್ಕ ಕಿಯಾಹೋಲೆ ಎಂಬ ಮೂಲೆ ಇದೆ. ಅಲ್ಲಿ ದಂಡೆ ಬಿಟ್ಟ ಕೂಡಲೇ ಸಮುದ್ರ ಕಡಿದಾಗಿ ಆಳಕ್ಕಿಳಿಯುತ್ತದೆ. ಮೇಲಿನ ನೀರು ಸುಮಾರು 25 ಡಿಗ್ರಿ. 900 ಮೀಟರ್ ಕೆಳಗೆ ಹೋದರೆ 5 ಡಿಗ್ರಿ ಆಸುಪಾಸು. ಕೈ ಇಟ್ಟರೆ ಬೆರಳು ಜುಮ್ಮೆನ್ನುವಷ್ಟು ತಂಪು, ಅದೂ ವರ್ಷವಿಡೀ. ಆ ನೀರನ್ನು ದೊಡ್ಡ ಪೈಪಿನಲ್ಲಿ ಮೇಲಕ್ಕೆ ತರುತ್ತಾರೆ. ಬೆಚ್ಚಗಿನ ನೀರು, ಕಡಿಮೆ ಬಿಸಿಗೇ ಕುದಿಯುವ ಅಮೋನಿಯಾವನ್ನು ಕುದಿಸುತ್ತದೆ, ಅದರ ಆವಿ ಟರ್ಬೈನ್ ತಿರುಗಿಸುತ್ತದೆ, ತಣ್ಣೀರು ಆ ಆವಿಯನ್ನು ಮತ್ತೆ ದ್ರವ ಮಾಡುತ್ತದೆ. ಸುಡುವುದಕ್ಕೆ ಏನೂ ಬೇಡ. 1979ರಲ್ಲಿ ಇದೇ ಕಡಲಲ್ಲಿ ಒಂದು ದೋಣಿಯ ಮೇಲೆ 50 ಕಿಲೋವಾಟ್‌ನ ಯಂತ್ರ ಇಟ್ಟು ನೋಡಿದ್ದರು. ಹುಟ್ಟಿದ ಕರೆಂಟಿನಲ್ಲಿ ಬಹುಪಾಲು ಪಂಪುಗಳಿಗೇ ಹೋಯಿತು, ಆದರೂ ಸ್ವಲ್ಪ ಉಳಿಯಿತು. ಆ ಉಳಿಕೆಯೇ ದೊಡ್ಡ ಗೆಲುವು. 2015ರ ಆಗಸ್ಟ್‌ನಲ್ಲಿ ದಂಡೆಯ ಮೇಲೆ ಸುಮಾರು 100 ಕಿಲೋವಾಟ್‌ನ ಸ್ಥಾವರವನ್ನು ಗ್ರಿಡ್‌ಗೆ ಜೋಡಿಸಿದರು. ನೂರಿಪ್ಪತ್ತು ಮನೆಗಳಿಗೆ ಸಾಕಾಗುವಷ್ಟು.

ಈಗ ಊರಿನ ಪ್ರಶ್ನೆಗೆ ಬರೋಣ. ನಾರಾಯಣಪುರ ಡ್ಯಾಮ್ ತುಂಬಿ ತುಳುಕುತ್ತಿದ್ದರೂ, ನೀರು ಮೇಲಿಂದ ಕೆಳಕ್ಕೆ ಬೀಳದೆ ಯಾವ ಚಕ್ರವೂ ತಿರುಗುವುದಿಲ್ಲ, ಅಲ್ವಾ? ಬಿಸಿಯೂ ಹಾಗೇ. ಅದು ಇಳಿದು ಹೋಗಲು ಒಂದು ತಣ್ಣನೆ ಜಾಗ ಬೇಕು. ಫ್ರಾನ್ಸಿನ ಎಂಜಿನಿಯರ್ ಸಾದಿ ಕಾರ್ನೊ 1824ರಲ್ಲೇ ಇದನ್ನು ಹೇಳಿದ್ದ, ಅವನೂ ನೀರಿನ ಬೀಳುವಿಕೆಯ ಲೆಕ್ಕದಲ್ಲೇ. ರಾಯಚೂರಿನ ಶಕ್ತಿನಗರದಲ್ಲಿ ಅಷ್ಟು ಕಲ್ಲಿದ್ದಲು ಸುಟ್ಟರೂ ಹಬೆ ತಣಿಸಲು ಕೃಷ್ಣೆಯ ನೀರು ಬೇಕೇ ಬೇಕು.

ಕಡಲಿನ 25 ಮತ್ತು 5 ಡಿಗ್ರಿಯ ನಡುವೆ ಇಳಿಜಾರು ತೀರಾ ಕಡಿಮೆ. ಕಾರ್ನೊನ ನಿಯಮದ ಪ್ರಕಾರ ನೂರಕ್ಕೆ ಏಳರಷ್ಟು ಶಾಖ ಮಾತ್ರ ಕೆಲಸವಾಗಬಹುದು, ನಿಜದಲ್ಲಿ ಮೂರು ಸಿಕ್ಕರೆ ಹೆಚ್ಚು. ಅದಕ್ಕೇ ಒಂದು ಮೆಗಾವಾಟ್‌ಗೆ ಸೆಕೆಂಡಿಗೆ ಸಾವಿರಾರು ಲೀಟರ್ ತಣ್ಣೀರು ಬೇಕಾಗುತ್ತದೆ.

ನನ್ನ ತಲೆಯಲ್ಲಿ ಓಡುತ್ತಿರುವುದು ಎರಡೂ ದಂಡೆಗಳನ್ನು ಒಟ್ಟಿಗೆ ಇಟ್ಟ ಲೆಕ್ಕ. ಪೂನಾ ಸ್ಥಾವರ ತನ್ನ ಉಳಿದ ಬಿಸಿಯನ್ನು ಗಾಳಿಗೆ ಬಿಡುತ್ತದೆ. ನೆಲದ ನೀರು 100 ಡಿಗ್ರಿ, ಗಾಳಿ 30 ಡಿಗ್ರಿ ಎಂದುಕೊಳ್ಳಿ. ಆಗ ಕೆಲಸವಾಗಬಲ್ಲ ಶಾಖದ ಮೇಲ್ಮಿತಿ ನೂರಕ್ಕೆ 19. ಗಾಳಿಯ ಬದಲು 5 ಡಿಗ್ರಿಯ ಕಡಲ ನೀರು ಸಿಕ್ಕರೆ 25 ದಾಟುತ್ತದೆ. ಹೊಸದಾಗಿ ಕೊರೆಯದೆ, ಬರೀ ತಂಪಿನಿಂದ ಇಷ್ಟು ಗಳಿಕೆ! ಪೈಪು, ಪಂಪಿನ ಖರ್ಚು ಇದ್ದೇ ಇದೆ. ಆದರೂ ಬೆಂಕಿಬೆಟ್ಟದ ದ್ವೀಪಗಳಲ್ಲಿ ಇದನ್ನು ಮಾಡಿ ನೋಡಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ನಮ್ಮ ನೆಲವೂ ಲಾವಾದಿಂದಲೇ ಆಗಿದ್ದು. ಆಳಂದ, ಬೀದರ ಕಡೆಯ ಕರಿಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ. ಅದು ಸವೆದು ಎರೆ ಮಣ್ಣಾಯಿತು, ಅದರಲ್ಲಿ ನಮ್ಮ ತೊಗರಿ ಬಂತು. ಇಲ್ಲಿನ ಹೊಸ ಕರಿಬಂಡೆಯ ಮೇಲೆ ನಡೆಯುವಾಗ ನನಗೆ ಆಳಂದದ ಹೊಲಗಳೇ ನೆನಪಾಗುತ್ತವೆ. ಆದರೆ ಆ ಬಿಸಿ ಎಂದೋ ಆರಿಹೋಗಿದೆ. ಕರೆಂಟ್ ತೆಗೆಯುವಷ್ಟು ಶಾಖ ಬೇಕೆಂದರೆ ನಮ್ಮಲ್ಲಿ ಕಿಲೋಮೀಟರ್‌ಗಟ್ಟಲೆ ಇಳಿಯಬೇಕು. ದೇಶದಲ್ಲಿ ಅದಕ್ಕೆ ಹೆಚ್ಚು ಆಸೆ ಇರುವುದು ಲಡಾಖ್‌ನ ಪೂಗಾ ಕಣಿವೆಯಂಥ ಕಡೆ. ಕಡಲ ತಣ್ಣೀರಿನ ಕೆಲಸ ಲಕ್ಷದ್ವೀಪದಲ್ಲಿ ನಡೆದಿದೆ. ಕವರಟ್ಟಿಯಲ್ಲಿ 2005ರಿಂದ ಆಳದ ತಣ್ಣೀರು ಬಳಸಿ ದಿನಕ್ಕೆ ಒಂದು ಲಕ್ಷ ಲೀಟರ್ ಕುಡಿಯುವ ನೀರು ಮಾಡುತ್ತಿದ್ದಾರೆ.

ಹಾಗಾದರೆ ನಮ್ಮ ಪಾಲಿಗೆ ಏನೂ ಇಲ್ಲವೇ? ಇದೆ. ಕೆಲವು ಮೀಟರ್ ಕೆಳಗಿನ ಮಣ್ಣು ವರ್ಷದ ಸರಾಸರಿ ಬಿಸಿಯಲ್ಲೇ ನಿಂತಿರುತ್ತದೆ, ನಮ್ಮ ಕಡೆ 27, 28 ಡಿಗ್ರಿ. ಮೇಲೆ 43. ಕರೆಂಟ್ ಹುಟ್ಟಿಸಲು ಅದು ಸಾಲದು. ಆದರೆ ಮನೆ ತಂಪು ಮಾಡಲು ಧಾರಾಳ ಸಾಕು. ನೆಲದೊಳಗಿನ ಪೈಪಿನಲ್ಲಿ ಗಾಳಿ ಹಾಯಿಸಿ ಕೋಣೆಗೆ ತಂದರೆ ಎಸಿಯ ಹೊರೆ ಎಷ್ಟೋ ಇಳಿಯುತ್ತದೆ. ಇಲ್ಲಿ ಕಿಯಾಹೋಲೆಯ ಕೆಲವು ಕಟ್ಟಡಗಳನ್ನು ಕಡಲ ತಣ್ಣೀರಿನಿಂದಲೇ ತಂಪು ಮಾಡಿದ್ದಾರೆ. ಬೀದರಿನ ನೌಬಾದಿನಲ್ಲಿ ಬಹಮನಿ ಕಾಲದವರು ನೆಲದಡಿಯಲ್ಲೇ ಸುರಂಗ ಕೊರೆದು ನೀರು ಹರಿಸಿದ್ದರಲ್ಲ, ನಮ್ಮ ನೆಲವನ್ನು ಕೊರೆಯುವುದು ಹೊಸ ವಿದ್ಯೆಯೇನಲ್ಲ. ಹಳೆ ಬಾವಿಗಳಿಗೆ ಕಸ ತುಂಬಿ ಮುಚ್ಚುವುದನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಬಾವಿ ನೀರಿನ ಬಿಸಿ ನೋಡಿದರೆ ನೆಲದೊಳಗಿನ ಬಿಸಿಯ ಅಂದಾಜು ಸಿಗುತ್ತದೆ. ನಿಮ್ಮ ಮನೆ ಅಥವಾ ಹೊಲದ ಬಾವಿಯಲ್ಲಿ ಇನ್ನೂ ನೀರಿದ್ದರೆ, ಈ ಮೇ ತಿಂಗಳ ಒಂದು ಮಧ್ಯಾಹ್ನ ಅದಕ್ಕೆ ಥರ್ಮಾಮೀಟರ್ ಇಳಿಸಿ. ಅದೇ ಹೊತ್ತಿಗೆ ನೆರಳಿನಲ್ಲಿ ಗಾಳಿಯ ಬಿಸಿಯನ್ನೂ ಅಳೆಯಿರಿ. ಎರಡೂ ಅಂಕಿ, ನೀರಿನ ಆಳ, ಊರಿನ ಹೆಸರು ಬರೆದು ಕಳಿಸಿ. ಇಪ್ಪತ್ತು ಮೂವತ್ತು ಊರಿನದು ಸೇರಿದರೆ ಎಂಥ ಮನೆಗೆ ಎಷ್ಟುದ್ದ ಪೈಪು ಬೇಕು ಎಂದು ನಾನೇ ಲೆಕ್ಕ ಹಾಕಿ ಕೊಡುತ್ತೇನೆ.