ನಂಬರಿಗೆ ಮನೆ ಇರುವುದಿಲ್ಲ

ಕಳೆದ ತಿಂಗಳು ನ್ಯೂಯಾರ್ಕಿನ ಬ್ರೂಕ್ಲಿನ್‌ನ ಫೆಡರಲ್ ಕೋರ್ಟಿನಿಂದ ನನಗೆ ಜ್ಯೂರಿ ಕರೆ ಬಂತು. ಆರೋಪಿ ತಪ್ಪಿತಸ್ಥನೋ ಅಲ್ಲವೋ ಎಂದು ತೀರ್ಮಾನಿಸಲು ಸಾಮಾನ್ಯ ನಾಗರಿಕರಿಂದ ಆರಿಸುವ ಗುಂಪು ಈ ಜ್ಯೂರಿ. ಇಲ್ಲಿನ ಪೌರತ್ವ ಪಡೆದ ಮೇಲೆ ಇದೇ ಮೊದಲನೆಯದು. ಬೆಳಿಗ್ಗೆ ಕಸದ ಡಬ್ಬಿ ಹೊರಗಿಡುವಾಗ ಪಕ್ಕದ ಮನೆಯ ಅಜ್ಜಿಗೆ ವಿಷಯ ಹೇಳಿದೆ. ಅವರಿಗೆ ಎಂಬತ್ನಾಲ್ಕು ವರ್ಷ, ಇಟಲಿ ಮೂಲದವರು, ಕ್ವೀನ್ಸ್‌ನ ಈ ಓಜೋನ್ ಪಾರ್ಕ್‌ನಲ್ಲೇ ಹುಟ್ಟಿ ಬೆಳೆದವರು. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: "ಅಲ್ಲಿ ನಿನ್ನ ಹೆಸರು ಕರೆಯದೆ ನಂಬರ್ ಕೊಟ್ಟರೆ ಬೇಜಾರು ಮಾಡ್ಕೋಬೇಡ. ನಂಬರಿಗೆ ಮನೆ ಇರಲ್ಲ, ಮಕ್ಕಳಿರಲ್ಲ."

ಅವತ್ತು ಪೂರ್ತಿ ಆ ಮಾತು ನನ್ನನ್ನು ಬಿಡಲಿಲ್ಲ.

ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ, 101ನೇ ಅವೆನ್ಯೂದಲ್ಲಿ, ಒಂದು ಕಾಲಕ್ಕೆ ಜಾನ್ ಗಾಟಿ ಕೂರುತ್ತಿದ್ದ ಕ್ಲಬ್ ಇತ್ತು. ಗ್ಯಾಂಬಿನೊ ಎಂಬ ಮಾಫಿಯಾ ಕುಟುಂಬದ ಯಜಮಾನ ಅವನು. ಜುಲೈ ನಾಲ್ಕಕ್ಕೆ ಇಡೀ ಬೀದಿಗೆ ಪಟಾಕಿ, ಊಟ ಎಲ್ಲ ಅವನದೇ. ಅಜ್ಜಿಯ ಮಕ್ಕಳೂ ಹೋಗಿ ತಿಂದು ಬಂದವರೇ. ನಮ್ಮ ಕಡೆ ಗಣಪತಿ ಪೆಂಡಾಲಿಗೆ, ರಾಜ್ಯೋತ್ಸವದ ಆರ್ಕೆಸ್ಟ್ರಾಕ್ಕೆ ದುಡ್ಡು ಕೊಡುವ 'ಅಣ್ಣ'ಂದಿರನ್ನು ನೋಡಿ ಬೆಳೆದವಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಪ್ರೀತಿ ಯಾವುದು, ಭಯ ಯಾವುದು ಎಂದು ಅಂಥ ಬೀದಿಗಳಲ್ಲಿ ಬೇರೆ ಮಾಡಿ ತೋರಿಸುವುದು ಕಷ್ಟ.

1984ರಲ್ಲಿ ಇದೇ ಕ್ವೀನ್ಸ್‌ನಲ್ಲಿ ಅಡ್ಡ ನಿಲ್ಲಿಸಿದ ಕಾರಿನ ವಿಚಾರಕ್ಕೆ ಜಗಳವಾಗಿ, ಫ್ರಿಜ್ ರಿಪೇರಿ ಮಾಡುವವನೊಬ್ಬ ಗಾಟಿಯ ಕೈಯಲ್ಲಿ ಏಟು ತಿಂದ. ಹೊಡೆದದ್ದು ಯಾರೆಂದು ತಿಳಿಯದೆ ದೂರು ಕೊಟ್ಟ. ತಿಳಿದದ್ದು ಆಮೇಲೆ. 1986ರಲ್ಲಿ ಕೇಸು ವಿಚಾರಣೆಗೆ ಬರುವ ಹೊತ್ತಿಗೆ ಗಾಟಿ ಪತ್ರಿಕೆಗಳ ಮುಖಪುಟದಲ್ಲಿದ್ದ. ಏಟು ತಿಂದವನು ಸಾಕ್ಷಿ ಕಟಕಟೆಯಲ್ಲಿ ನಿಂತು, ಹೊಡೆದವರು ಯಾರೋ ನೆನಪಿಲ್ಲ ಎಂದುಬಿಟ್ಟ. ಪತ್ರಿಕೆಗಳು ಅವನ ಮರೆವಿಗೂ ಗಾಟಿಯ ಹೆಸರಿಗೂ ಪ್ರಾಸ ಕಟ್ಟಿ ನಕ್ಕವಂತೆ. ಅಜ್ಜಿ ನಗಲಿಲ್ಲ. "ಅವನಿಗೂ ಹೆಂಡತಿ ಇದ್ದಳು" ಎಂದಷ್ಟೇ ಹೇಳಿದರು.

ಮರುವರ್ಷ ಫೆಡರಲ್ ಕೇಸಿನಲ್ಲೂ ಗಾಟಿ ಖುಲಾಸೆಯಾದ. ಜ್ಯೂರಿಯಲ್ಲಿದ್ದ ಒಬ್ಬನಿಗೆ ಅರವತ್ತು ಸಾವಿರ ಡಾಲರ್ ಲಂಚ ಹೋಗಿತ್ತೆಂಬುದು ಎಷ್ಟೋ ಕಾಲದ ಮೇಲೆ ಹೊರಬಂತು. 1992ರಲ್ಲಿ ಬ್ರೂಕ್ಲಿನ್‌ನಲ್ಲಿ ನಡೆದ ಕಡೆಯ ವಿಚಾರಣೆಯಲ್ಲಿ ಜ್ಯೂರಿಗಳ ಹೆಸರು ಯಾರಿಗೂ ಗೊತ್ತಿರಲಿಲ್ಲ. ಅವರನ್ನು ಮನೆಗೂ ಬಿಡದೆ ಹೊರಗಿನವರ ಸಂಪರ್ಕವಿಲ್ಲದಂತೆ ಇರಿಸಿದ್ದರು. ಅಜ್ಜಿ ಹೇಳಿದ ನಂಬರು ಇದು.

ಇಲ್ಲಿನ ಸರ್ಕಾರಿ ವಕೀಲರು ಮಾಫಿಯಾವನ್ನು ಹೇಗೆ ಮುರಿದರು ಎಂದು ಆಮೇಲೆ ಕೂತು ಓದಿದೆ. ಮೊದಲು ಕೊಲೆಗೊಂದು ಕೇಸು, ಸುಲಿಗೆಗೊಂದು ಕೇಸು. ಚಾಕು ಹಿಡಿದವನು ಜೈಲಿಗೆ, ಹಿಡಿಸಿದವನು ಮನೆಯಲ್ಲಿ ಊಟಕ್ಕೆ. 1970ರಲ್ಲಿ ರಾಬರ್ಟ್ ಬ್ಲೇಕಿ ಎಂಬ ಕಾನೂನು ಪಂಡಿತರು ಬರೆದುಕೊಟ್ಟ 'ರಿಕೋ' ಕಾಯ್ದೆ ಇದನ್ನು ಬುಡಮೇಲು ಮಾಡಿತು. ಗ್ಯಾಂಗನ್ನೇ ಒಂದು ಉದ್ಯಮ ಎಂದು ಹಿಡಿ. ಹತ್ತು ವರ್ಷಗಳೊಳಗೆ ಆ ಉದ್ಯಮದ ಹೆಸರಲ್ಲಿ ನಡೆದ ಎರಡು ಅಪರಾಧ ತೋರಿಸಿ ಅವು ಒಂದೇ ಸರಣಿಯವು ಎಂದು ಸಾಬೀತು ಮಾಡು. ಆಗ ಗದ್ದುಗೆಯಲ್ಲಿ ಕೂತು ಅಪ್ಪಣೆ ಕೊಟ್ಟವನೂ ಅದೇ ಬಲೆಗೆ ಬೀಳುತ್ತಾನೆ. 1986ರ ನವೆಂಬರಿನಲ್ಲಿ ಮ್ಯಾನ್‌ಹಟನ್‌ನಲ್ಲಿ ಮಾಫಿಯಾ ಕುಟುಂಬಗಳ ಯಜಮಾನರ ಮಂಡಳಿಯಾದ 'ಕಮಿಷನ್' ಅನ್ನೇ ಹೀಗೆ ಉದ್ಯಮವೆಂದು ತೋರಿಸಿ ಎಂಟು ಜನರನ್ನು ಅಪರಾಧಿಗಳೆಂದು ಸಾಬೀತು ಮಾಡಿದರು. ಏಳು ಮಂದಿಗೆ ತಲಾ 100 ವರ್ಷ ಶಿಕ್ಷೆ. ಆ ಕೇಸಿನಲ್ಲಿ ದೊಡ್ಡ ಮಾತು ಕಾಂಕ್ರೀಟಿನದು. ನಗರದಲ್ಲಿ 20 ಲಕ್ಷ ಡಾಲರ್ ಮೀರಿದ ಕಾಂಕ್ರೀಟ್ ಗುತ್ತಿಗೆ ಯಾರಿಗೆ ಸಿಗಬೇಕೆಂದು ಅವರೇ ಹಂಚುತ್ತಿದ್ದರು, ಎರಡು ಪರ್ಸೆಂಟ್ ಕೀಳುತ್ತಿದ್ದರು. ಅಜ್ಜಿಯ ಗಂಡ ಆ ಕಾಲದಲ್ಲಿ ಮ್ಯಾನ್‌ಹಟನ್‌ನಲ್ಲಿ ಕಾಂಕ್ರೀಟ್ ಸುರಿದವರು. "ಎಲ್ಲರಿಗೂ ಗೊತ್ತಿತ್ತು" ಎಂದರು ಅಜ್ಜಿ. "ಗೊತ್ತಿರೋದು ಬೇರೆ, ಹೇಳೋದು ಬೇರೆ."

ರಿಕೋ ಬಂದ ಆ 1970ರ ಕಾನೂನಿನಲ್ಲೇ ಸಾಕ್ಷಿಗಳನ್ನು ಕಾಪಾಡುವ ಏರ್ಪಾಡೂ ಇತ್ತು. ಹೊಸ ಹೆಸರು, ಹೊಸ ಊರು, ಮಕ್ಕಳಿಗೆ ಹೊಸ ಶಾಲೆ. ಕುಟುಂಬದವರೂ ಸೇರಿ ಈವರೆಗೆ 19,000ಕ್ಕೂ ಹೆಚ್ಚು ಜನ ಅದರೊಳಗೆ ಹೋಗಿದ್ದಾರೆ. ನಿಯಮ ಪಾಲಿಸಿದ ಒಬ್ಬರೂ ಕೊಲೆಯಾಗಿಲ್ಲ ಎಂದು ಅದನ್ನು ನಡೆಸುವ ಮಾರ್ಷಲ್ ಇಲಾಖೆ ಹೇಳುತ್ತದೆ. ನನ್ನ ಮಟ್ಟಿಗೆ ಮಾಫಿಯಾದ ಬೆನ್ನು ಮುರಿದದ್ದು ಇದು. ಕದ್ದಾಲಿಕೆಯ ಟೇಪು, ವೇಷ ಹಾಕಿದ ಪೊಲೀಸು ಎಲ್ಲ ಬೇಕು, ನಿಜ. ಆದರೆ ಕಟಕಟೆಗೆ ಒಬ್ಬ ಮನುಷ್ಯ ಹತ್ತಲೇಬೇಕಲ್ಲ? ಅವನು ಇಳಿದ ಮೇಲೆ ಎಲ್ಲಿಗೆ ಹೋಗಬೇಕೆಂದು ಇಲ್ಲಿನ ಸರ್ಕಾರ ಮೊದಲೇ ಯೋಚಿಸಿತ್ತು.

ಇದರಲ್ಲಿ ನುಂಗಲಾಗದ್ದೂ ಇದೆ. ಗಾಟಿಯ ವಿರುದ್ಧ ಮಾಫಿ ಸಾಕ್ಷಿಯಾದ ಅವನ ಬಲಗೈ ಬಂಟ ಸ್ಯಾಮಿ ಗ್ರವಾನೊ, ಹತ್ತೊಂಬತ್ತು ಕೊಲೆಗಳಲ್ಲಿ ಪಾಲಿದೆ ಎಂದು ಒಪ್ಪಿಕೊಂಡವನು. ಅವನಿಗಾದ ಶಿಕ್ಷೆ ಐದು ವರ್ಷ. ಗಾಟಿಗೆ ಸಾಯುವ ತನಕ ಜೈಲು. ಆ ಹತ್ತೊಂಬತ್ತು ಮನೆಯವರು ಇದನ್ನು ಯಾವ ನ್ಯಾಯವೆಂದು ಒಪ್ಪಿಕೊಂಡರೋ. ದೊಡ್ಡವನನ್ನು ಹಿಡಿಯಲು ಅವನ ಬಂಟನಿಗೆ ಇಷ್ಟು ಬೆಲೆ ಕಟ್ಟಬೇಕೇ ಎಂಬ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಆದರೆ ನನ್ನನ್ನು ಕಾಡುತ್ತಿರುವವನು ಗ್ರವಾನೊ ಅಲ್ಲ, ಆ ಫ್ರಿಜ್ ರಿಪೇರಿಯವನು.

ಯಾಕೆಂದರೆ ನಮ್ಮಪ್ಪ ಅವನ ಜಾಗದಲ್ಲಿ ನಿಂತಿದ್ದರು.

ಊರಲ್ಲಿ ಬಸ್ ಸ್ಟ್ಯಾಂಡಿನ ಎದುರು ನಮ್ಮದೊಂದು ಕಿರಾಣಿ ಅಂಗಡಿ. 1989ರಲ್ಲಿ, ಪಕ್ಕದ ಲಾರಿ ಆಫೀಸಿನ ಗುಮಾಸ್ತನ ಮೇಲೆ ಹಾಡಹಗಲೇ ಮಚ್ಚು ಬೀಸಿದರು. ಮಾಮೂಲು ಕೊಡಲಿಲ್ಲವೆಂಬ ಸಿಟ್ಟು. ಅವನ ಬಲಗೈ ಹೋಯಿತು. ಅಪ್ಪ ಹತ್ತು ಅಡಿ ದೂರದಿಂದ ಎಲ್ಲ ನೋಡಿದರು, ಅಂದೇ ಪೊಲೀಸರಿಗೆ ಹೇಳಿಕೆ ಕೊಟ್ಟರು. ಕೇಸು ವಿಚಾರಣೆಗೆ ಬರುವ ಹೊತ್ತಿಗೆ ಐದು ವರ್ಷ. ಸಮನ್ಸ್ ಬಂದಾಗಲೆಲ್ಲ ಅಂಗಡಿ ಮುಚ್ಚಿಕೊಂಡು ಹೋಗಿ, ಸಂಜೆಯವರೆಗೆ ಕಾದು, ಮುಂದಿನ ತಾರೀಖು ಕೇಳಿಕೊಂಡು ಬರುತ್ತಿದ್ದರು. ಆರೋಪಿಗಳ ಕಡೆಯವರೂ ಅದೇ ವರಾಂಡದ ಅದೇ ಬೆಂಚಿನಲ್ಲಿ ಕೂರುತ್ತಿದ್ದರು. ಕಡೆಗೆ ಸಾಕ್ಷಿ ಹೇಳುವ ದಿನ ಅವರಲ್ಲೊಬ್ಬ ಅಪ್ಪನ ಕೈಗೆ ಟೀ ಲೋಟ ಕೊಟ್ಟು ಬಹಳ ಮರ್ಯಾದೆಯಿಂದ ಕೇಳಿದನಂತೆ: "ಯಜಮಾನ್ರೇ, ಮಗಳು ಈಗ ಪಿಯುಸಿ ಅಲ್ವಾ? ಆರೂವರೆ ಬಸ್ಸಿಗೆ ಇಳೀತಾಳೆ. ಕತ್ತಲಾಗಿರುತ್ತೆ, ಪಾಪ."

ಆರೂವರೆ ಬಸ್ಸಿಗೆ ಇಳಿಯುತ್ತಿದ್ದವಳು ನಾನು.

ಅಪ್ಪ ಕಟಕಟೆ ಹತ್ತಿ, "ನಾನು ಆಗ ತಕ್ಕಡಿ ನೋಡ್ತಿದ್ದೆ, ಸ್ವಾಮಿ. ಏನೂ ಕಾಣಲಿಲ್ಲ" ಎಂದರು. ಪ್ರತಿಕೂಲ ಸಾಕ್ಷಿ ಎಂದು ಬರೆದುಕೊಂಡರು. ಎಲ್ಲರೂ ಖುಲಾಸೆ. ಆ ಟೀ ವಿಷಯ ನನಗೆ ಗೊತ್ತಾದದ್ದು ಹತ್ತು ವರ್ಷದ ಮೇಲೆ, ಅಮ್ಮನ ಬಾಯಿಂದ. ಅಲ್ಲಿಯವರೆಗೆ ನಾನು ಅಪ್ಪನನ್ನು ಹೇಡಿ ಎಂದುಕೊಂಡಿದ್ದೆ. ಒಮ್ಮೆ ಮುಖಕ್ಕೇ ಹೇಳಿದ್ದೂ ಉಂಟು. ಅವರು ತಿರುಗಿ ಒಂದು ಮಾತಾಡಲಿಲ್ಲ.

ಈಗ ನಮ್ಮಲ್ಲೂ ಕಾನೂನುಗಳಿವೆ. ಮಹಾರಾಷ್ಟ್ರದ ಮಾದರಿಯಲ್ಲಿ ಕರ್ನಾಟಕ ಸಂಘಟಿತ ಅಪರಾಧ ತಡೆಯುವ 2000ದ ಕೋಕಾ ಕಾಯ್ದೆ ಮಾಡಿಕೊಂಡಿತು. ಅದರಡಿ ಎಸ್ಪಿ ದರ್ಜೆಯ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆಯೂ ಸಾಕ್ಷ್ಯವಾಗುತ್ತದೆ. ಗೌರಿ ಲಂಕೇಶ್ ಹತ್ಯೆಯ ಕೇಸಿನಲ್ಲೂ ಅದನ್ನೇ ಹಾಕಿದ್ದಾರೆ. ಪೊಲೀಸರ ಕೈಗೆ ಬಲ ಬೇಗ ಬಂತು. ಸಾಕ್ಷಿಯನ್ನು ಕಾಯುವ ಯೋಜನೆ ದೇಶಕ್ಕೆಲ್ಲ ಅನ್ವಯವಾಗಲು 2018ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಅಮೆರಿಕ ಎರಡನ್ನೂ ಒಂದೇ ಕಾನೂನಿನಲ್ಲಿ ತಂದದ್ದು 1970ರಲ್ಲಿ. ನಡುವಿನ ಆ ವರ್ಷಗಳಲ್ಲಿ ನಮ್ಮ ಎಷ್ಟು ಕೋರ್ಟುಗಳ ಬೆಂಚಿನ ಮೇಲೆ ಎಷ್ಟು ಲೋಟ ಟೀ ಕೈ ಬದಲಾಯಿಸಿತೋ ಎಂದು ಹೊಟ್ಟೆ ಉರಿಯುತ್ತದೆ.

ಹೇಳಿದ ದಿನ ಎ ಟ್ರೈನ್ ಹಿಡಿದು ಕೋರ್ಟಿಗೆ ಹೋದೆ. ದಿನವಿಡೀ ಕೂತೆ, ಯಾವ ಕೇಸಿಗೂ ಆರಿಸಲಿಲ್ಲ, ಸಂಜೆ ಕಳಿಸಿಕೊಟ್ಟರು. ಅಜ್ಜಿ ಮೆಟ್ಟಿಲ ಮೇಲೆ ಕೂತಿದ್ದರು. ಹೆಸರು ಕರೆದರೋ ನಂಬರೋ ಎಂದು ಕೇಳಿದರು. ಹೆಸರೇ ಕರೆದರು ಎಂದೆ. ಅವರ ಪಕ್ಕದಲ್ಲಿ ಕೂತು ಅಪ್ಪನ ಕಥೆ ಹೇಳಿದೆ.

"ಆ ಗುಮಾಸ್ತ ಏನಾದ?" ಎಂದರು.

ಅವನು ಆಮೇಲೂ ನಮ್ಮ ಅಂಗಡಿಗೇ ಬರುತ್ತಿದ್ದ, ಪ್ರತಿ ತಿಂಗಳ ಮೊದಲ ವಾರ. ಎಡಗೈಯಲ್ಲಿ ಚೀಲ ಹಿಡಿದು ನಿಲ್ಲುತ್ತಿದ್ದ. ಅಪ್ಪ ತಲೆ ಎತ್ತದೆ ಅಕ್ಕಿ ತೂಗುತ್ತಿದ್ದರು. ಮುಳ್ಳು ನಡುವಿಗೆ ಬಂದು ನಿಂತ ಮೇಲೂ ಇನ್ನೊಂದು ಹಿಡಿ ಹಾಕುತ್ತಿದ್ದರು. ಅವನು ಬೇಡ ಎನ್ನುತ್ತಿರಲಿಲ್ಲ.